ಗೆದ್ದರೆ ನಮ್ಮೋನು, ಸೋತರೆ ಹೊರಗಿನೋನು

ಊರಿನ ಟೂರ್ನಮೆಂಟುಗಳಲ್ಲಿ ಒಂದು ಹಳೇ ಪದ್ಧತಿ. ಕಬಡ್ಡಿ ಇರಲಿ, ವಾಲಿಬಾಲ್ ಇರಲಿ, ಫುಟ್‌ಬಾಲೇ ಇರಲಿ, ಪಂದ್ಯಕ್ಕೆ ಇನ್ನು ವಾರವಿದೆ ಅನ್ನುವಾಗ ಪಕ್ಕದ ಜಿಲ್ಲೆಯಿಂದಲೋ ಪಕ್ಕದ ರಾಜ್ಯದಿಂದಲೋ ಒಬ್ಬ ಗಟ್ಟಿ ಆಟಗಾರನನ್ನು ಕರೆಸುವುದು. ಬಸ್ ಚಾರ್ಜು, ಎರಡು ಹೊತ್ತಿನ ಊಟ, ಕೈಗೊಂದಿಷ್ಟು ಕಾಸು. ಕಪ್ ಬಂತು ಅನ್ನಿ, ಅವನು ‘ನಮ್ಮ ಹುಡುಗ’. ಮೆರವಣಿಗೆಯ ಲಾರಿಯಲ್ಲಿ ಡ್ರೈವರ್ ಪಕ್ಕದ ಸೀಟೇ ಅವನಿಗೆ. ಸೋತರು ಅನ್ನಿ, ಪಂದ್ಯ ಮುಗಿದ ಐದು ನಿಮಿಷಕ್ಕೆ ಟೀ ಅಂಗಡಿಯಲ್ಲಿ ತೀರ್ಪು ಹೊರಬೀಳುತ್ತದೆ: ‘ಹೊರಗಿನೋನನ್ನ ನೆಚ್ಕೊಂಡ್ರೆ ಇನ್ನೇನಾಗತ್ತೆ ಸ್ವಾಮಿ?’

ಆಟದ ಮೈದಾನಕ್ಕೆ ಮಾತ್ರ ಈ ಮಾತು ಅಂತೇನಿಲ್ಲ. ಮಾರ್ಕೆಟ್ಟಿನಲ್ಲಿ ಇಪ್ಪತ್ತು ವರ್ಷ ಬೆಳಿಗ್ಗೆ ಬೀಗ ತೆಗೆದು ರಾತ್ರಿ ಬೀಗ ಹಾಕಿದ ಅಂಗಡಿಯವನೂ, ಬಾಡಿಗೆ ಜಗಳ ಬಂದ ದಿನ ‘ಎಲ್ಲಿಂದಲೋ ಬಂದವನು’ ಆಗಿಬಿಡುತ್ತಾನೆ. ಹಾಗಾದರೆ ಹೊರಗಿನವನು ಒಳಗಿನವನಾಗುವುದು ಯಾವತ್ತು? ಅದನ್ನು ತೀರ್ಮಾನ ಮಾಡುವವರು ಯಾರು?

ಈ ಪ್ರಶ್ನೆ 1949ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ ಎದುರಾಯಿತು. ದಾವಣಗೆರೆಯನ್ನು ಒಂದು ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರಲ್ಲ, ಅದೇ ಹತ್ತಿ ಗಿರಣಿಗಳ ಮ್ಯಾಂಚೆಸ್ಟರು. ಪ್ರಶ್ನೆ ತಂದವನು ಬರ್ಟ್ ಟ್ರೌಟ್‌ಮನ್ ಎಂಬ ಗೋಲ್‌ಕೀಪರ್. ಫುಟ್‌ಬಾಲ್ ಬಲ್ಲವರನ್ನು ಕೇಳಿದರೆ ‘ಓ, ಕತ್ತು ಮುರಿದುಕೊಂಡು ಫೈನಲ್ ಆಡಿದೋನಲ್ವಾ?’ ಅಂತಾರೆ. ಹೌದು, ಅವನೇ. ಆ ಕಥೆ ಬರುತ್ತದೆ, ಸ್ವಲ್ಪ ತಾಳಿ. ಕತ್ತಿಗಿಂತ ದೊಡ್ಡ ಸಂಗತಿ ಅವನ ಬಾಳಿನಲ್ಲಿ ಬೇರೆ ಇದೆ.

ಮನೆಯ ಹೆಸರು ಬರ್ನ್‌ಹಾರ್ಡ್. ಹುಟ್ಟಿದ್ದು 1923ರ ಅಕ್ಟೋಬರಿನಲ್ಲಿ, ಜರ್ಮನಿಯ ಬ್ರೆಮೆನ್ ಎಂಬ ಬಂದರು ಊರಿನಲ್ಲಿ. ಹತ್ತರ ವಯಸ್ಸಿನ ಹೊತ್ತಿಗೆ ಹಿಟ್ಲರನ ಹುಡುಗರ ಪಡೆ ಸೇರಿದ. ಆ ಕಾಲದ ಜರ್ಮನಿಯಲ್ಲಿ ಓಣಿಯ ಹುಡುಗರೆಲ್ಲ ಎಲ್ಲಿಗೆ ಹೋದರೋ ಇವನೂ ಅಲ್ಲಿಗೇ ಹೋದ. ಆಮೇಲೆ ಯುದ್ಧ ಬಂತು. ವಿಮಾನದಿಂದ ಪ್ಯಾರಾಚೂಟ್ ಹಿಡಿದು ಇಳಿಯುವ ದಳದಲ್ಲಿ ಸಿಪಾಯಿಯಾಗಿ ರಷ್ಯಾ ಕಡೆಯ ರಣರಂಗದಲ್ಲಿ ವರ್ಷಗಟ್ಟಲೆ ಹೋರಾಡಿದ. ಐರನ್ ಕ್ರಾಸ್ ಪದಕವೂ ಸಿಕ್ಕಿತು. ಉಕ್ರೇನಿನ ಕಾಡಿನಲ್ಲಿ ನಿರಪರಾಧಿ ಜನರನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟು ಕೊಂದದ್ದನ್ನು ಕಣ್ಣಾರೆ ಕಂಡದ್ದನ್ನು ಮುಪ್ಪಿನಲ್ಲಿ ಅವನೇ ಹೇಳಿಕೊಂಡ. ಅಂದರೆ ಇವನೇನು ಏನೂ ಅರಿಯದ ಪಾಪದ ಹುಡುಗ ಅಂತ ಯಾರೂ ತಿಳಿಯಬೇಕಾಗಿಲ್ಲ. ಶತ್ರು ಸೈನ್ಯದ ಪಕ್ಕಾ ಸಿಪಾಯಿ.

ಯುದ್ಧದ ಕೊನೆಯಲ್ಲಿ ಬ್ರಿಟಿಷರ ಕೈಗೆ ಸಿಕ್ಕಿಬಿದ್ದ. ನಮ್ಮ ಬೆಂಗಳೂರಿನ ಜಾಲಹಳ್ಳಿ ಕಡೆ ಆ ಕಾಲದಲ್ಲಿ ಇಟಲಿಯ ಯುದ್ಧಕೈದಿಗಳನ್ನು ಇಟ್ಟಿದ್ದರಲ್ಲ, ಅಂಥದೇ ಒಂದು ಶಿಬಿರಕ್ಕೆ, ಇಂಗ್ಲೆಂಡಿನ ಲ್ಯಾಂಕಾಷೈರ್ ಸೀಮೆಗೆ ಇವನನ್ನು ಸಾಗಿಸಿದರು. ಕೈದಿಗಳು ಹೊತ್ತು ಕಳೆಯಲು ಫುಟ್‌ಬಾಲ್ ಆಡುತ್ತಿದ್ದರು. ಟ್ರೌಟ್‌ಮನ್ ಮೊದಲು ಮೈದಾನದ ನಡುವೆ ಆಡುತ್ತಿದ್ದವನು. ಒಂದು ಪಂದ್ಯದಲ್ಲಿ ಪೆಟ್ಟಾಯಿತು ಅಂತ ಗೋಲಿನಲ್ಲಿದ್ದವನ ಜೊತೆ ಜಾಗ ಬದಲಾಯಿಸಿಕೊಂಡ. ಅವತ್ತು ನಿಂತವನು ಅಲ್ಲೇ ನಿಂತ. ಬರ್ನ್‌ಹಾರ್ಡ್ ಅನ್ನಲು ನಾಲಿಗೆ ಹೊರಳದ ಇಂಗ್ಲಿಷರು ‘ಬರ್ಟ್’ ಮಾಡಿದರು.

1948ರಲ್ಲಿ ಶಿಬಿರ ಮುಚ್ಚಿ ‘ಊರಿಗೆ ಹೋಗಪ್ಪ’ ಅಂದಾಗ ಇವನು ಒಲ್ಲೆ ಅಂದ. ಅಲ್ಲೇ ಹೊಲದ ಕೆಲಸ ಮಾಡಿದ. ಆಮೇಲೆ ಮಾಡಿದ ಕೆಲಸ ಇನ್ನೂ ಗಮನಿಸುವಂಥದ್ದು: ಸಿಡಿಯದೆ ನೆಲದಲ್ಲಿ ಹೂತುಹೋಗಿದ್ದ ಬಾಂಬುಗಳನ್ನು ತೆಗೆಯುವ ದಳದಲ್ಲಿ ಸೇರಿಕೊಂಡ. ತನ್ನ ದೇಶದವರು ಮೇಲಿಂದ ಸುರಿದದ್ದನ್ನು ಇವನು ಕೆಳಗೆ ನಿಂತು ಹೊರತೆಗೆದ. ಸಂಜೆ ವೇಳೆ ಸೇಂಟ್ ಹೆಲೆನ್ಸ್ ಟೌನ್ ಎಂಬ ಸಣ್ಣ ಊರಿನ ಕ್ಲಬ್ಬಿಗೆ ಗೋಲು ಕಾದ. ಕ್ಲಬ್ಬಿನ ಕಾರ್ಯದರ್ಶಿಯ ಮಗಳು ಮಾರ್ಗರೆಟ್ ಪರಿಚಯವಾಗಿ ಮುಂದೆ ಮದುವೆಯೂ ಆಯಿತು.

1949ರ ಅಕ್ಟೋಬರಿನಲ್ಲಿ ಮ್ಯಾಂಚೆಸ್ಟರ್ ಸಿಟಿ ಎಂಬ ದೊಡ್ಡ ಕ್ಲಬ್ಬು ಇವನನ್ನು ಸೇರಿಸಿಕೊಂಡಿತು. ಊರು ಹೊತ್ತಿ ಉರಿಯಿತು.

ಉರಿಯದೆ ಏನು ಮಾಡೀತು ಹೇಳಿ? 1940ರ ಡಿಸೆಂಬರಿನಲ್ಲಿ ಕ್ರಿಸ್‌ಮಸ್ಸಿಗೆ ಎರಡು ದಿನ ಇರುವಾಗ ಜರ್ಮನ್ ವಿಮಾನಗಳು ಆ ಊರಿನ ಮೇಲೆ ಬೆಂಕಿ ಸುರಿದು ನೂರಾರು ಜನರನ್ನು ಕೊಂದಿದ್ದವು. ಪಕ್ಕದ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ಮೈದಾನ 1941ರಲ್ಲಿ ಬಾಂಬಿಗೆ ಹಾಳಾಗಿ, ಅವರು ಎಷ್ಟೋ ವರ್ಷ ಸಿಟಿಯವರ ಮೈದಾನದಲ್ಲೇ ಬಾಡಿಗೆಗೆ ಆಡಿದ್ದರು. ಇವನು ಬಂದ ವರ್ಷವೂ ಅಲ್ಲಿ ಮಾಂಸ, ಸಕ್ಕರೆಗೆಲ್ಲ ರೇಷನ್ನು. ಅಂಗಡಿಯವರು ಕೂಪನ್ ನೋಡಿ ತೂಕ ಹಾಕುತ್ತಿದ್ದ ಕಾಲ. ಅಂಥ ಊರಿನ ಗೋಲಿನ ಮುಂದೆ ಹಿಟ್ಲರನ ಸಿಪಾಯಿ! ಬೀದಿಗಿಳಿದ ಜನ 20,000 ಅಂತ ಹೇಳುತ್ತಾರೆ. ನಮ್ಮ ಬಸ್ ಪಾಸಿನ ಹಾಗೆ ಅಲ್ಲಿ ವರ್ಷಕ್ಕೊಂದು ಸೀಸನ್ ಟಿಕೆಟ್. ಆ ಟಿಕೆಟ್ ಇದ್ದವರು ‘ಇವನು ಆಡಿದರೆ ನಾವು ಬರೋದಿಲ್ಲ’ ಅಂತ ಬೆದರಿಕೆ ಹಾಕಿದರು. ಕ್ಲಬ್ಬಿಗೆ ಕಾಗದಗಳ ಸುರಿಮಳೆ. ಅದರ ಮೇಲೆ ಇನ್ನೊಂದು ಕಷ್ಟ: ಇವನು ನಿಲ್ಲಬೇಕಾಗಿದ್ದದ್ದು ಫ್ರಾಂಕ್ ಸ್ವಿಫ್ಟ್ ನಿಂತ ಜಾಗದಲ್ಲಿ. ಊರೇ ಹೊತ್ತು ಮೆರೆಸಿದ ಗೋಲಿ ಆತ.

ಇಂದು ಕೂತು ಓದುವವರಿಗೆ ಆ ಪ್ರತಿಭಟನೆಯವರೆಲ್ಲ ಸಣ್ಣ ಮನಸ್ಸಿನವರು ಅನ್ನಿಸಬಹುದು. ಅದು ಅನ್ಯಾಯದ ಮಾತು. ಮನೆ ಕಳೆದುಕೊಂಡವನಿಗೆ, ತಮ್ಮನನ್ನು ಕಳೆದುಕೊಂಡವಳಿಗೆ ‘ಸ್ವಲ್ಪ ದೊಡ್ಡ ಮನಸ್ಸು ಮಾಡಮ್ಮ’ ಅಂತ ಹೇಳುವ ಅಧಿಕಾರ ಏನನ್ನೂ ಕಳೆದುಕೊಳ್ಳದವನಿಗೆ ಇಲ್ಲ. ಬೇರೆಯವರ ಗಾಯಕ್ಕೆ ತಾನು ಕ್ಷಮೆ ಹಂಚುವುದು ಬಹಳ ಸುಲಭದ ದಾನ. ನಮ್ಮಲ್ಲೂ ಗಲಾಟೆ ನಡೆದ ಊರಿಗೆ ಕಾರಿನಲ್ಲಿ ಬಂದು ಶಾಂತಿ ಬೋಧಿಸಿ ಸಂಜೆಯೊಳಗೆ ವಾಪಸ್ ಹೋಗುವ ಮಹನೀಯರಿದ್ದಾರೆ.

ಮ್ಯಾಂಚೆಸ್ಟರಿನಲ್ಲಿ ಬಾಯಿ ತೆರೆದವರು ಅಂಥವರಲ್ಲ. ಆ ಊರಿನ ಯೆಹೂದಿ ಸಮಾಜದ ಧರ್ಮಗುರು ಅಲೆಕ್ಸಾಂಡರ್ ಆಲ್ಟ್‌ಮನ್. ಅವರೇ 1938ರಲ್ಲಿ ಬರ್ಲಿನ್ನಿನಿಂದ ಜೀವ ಉಳಿಸಿಕೊಂಡು ಓಡಿಬಂದವರು. ಅವರ ತಂದೆಯನ್ನು ಹಿಟ್ಲರನ ಜನ ಆಶ್‌ವಿಟ್ಸ್ ಶಿಬಿರದಲ್ಲಿ ಕೊಂದಿದ್ದರು. ಜರ್ಮನ್ನರನ್ನು ದ್ವೇಷಿಸಲು ಆ ಊರಿನಲ್ಲಿ ಯಾರಿಗಾದರೂ ಪೂರಾ ಹಕ್ಕಿದ್ದರೆ ಅದು ಅವರಿಗೆ. ಅವರು ಸ್ಥಳೀಯ ಸಂಜೆ ಪತ್ರಿಕೆಗೆ ಒಂದು ಕಾಗದ ಬರೆದರು. ಹೌದು, ಸಂಜೆ ಪತ್ರಿಕೆಗೇ. ಒಂದು ದೇಶ ಮಾಡಿದ ಪಾಪವನ್ನು ಒಬ್ಬ ಮನುಷ್ಯನ ತಲೆಗೆ ಕಟ್ಟಬೇಡಿ, ಅವನಿಗೊಂದು ಅವಕಾಶ ಕೊಟ್ಟು ನೋಡಿ ಅನ್ನುವುದು ಆ ಕಾಗದದ ತಾತ್ಪರ್ಯ. ‘ಆದದ್ದೆಲ್ಲ ಮರೆತುಬಿಡಿ’ ಅಂತ ಅವರು ಹೇಳಲಿಲ್ಲ. ಮರೆಯಲು ಅವರಿಂದ ಸಾಧ್ಯವೂ ಇರಲಿಲ್ಲ. ಲೆಕ್ಕ ಯಾರದ್ದೋ ಅವರಿಗೇ ಬರೆಯಿರಿ, ಪಕ್ಕದವನ ಖಾತೆಗೆ ಹಾಕಬೇಡಿ ಅಂದರು, ಅಷ್ಟೇ. ಅಂಗಡಿ ಪುಸ್ತಕ ಬರೆಯುವವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಎರಡನೆಯವನು ತಂಡದ ನಾಯಕ ಎರಿಕ್ ವೆಸ್ಟ್‌ವುಡ್. ಫ್ರಾನ್ಸಿನ ನಾರ್ಮಂಡಿಯಲ್ಲಿ ಜರ್ಮನ್ನರ ಎದುರು ಯುದ್ಧ ಮಾಡಿ ಬಂದ ಸಿಪಾಯಿ. ಟ್ರೌಟ್‌ಮನ್ ಮೊದಲ ದಿನ ಬಟ್ಟೆ ಬದಲಾಯಿಸುವ ಕೋಣೆಗೆ ಕಾಲಿಟ್ಟಾಗ ಈತ ಎಲ್ಲರಿಗೂ ಕೇಳುವಂತೆ, ಈ ಕೋಣೆಯೊಳಗೆ ಯುದ್ಧ ಇಲ್ಲ ಅಂದ. ಅಲ್ಲಿಗೆ ಒಳಗಿನ ಮಾತು ಮುಗಿಯಿತು.

ಹೊರಗಿನದು ಮುಗಿಯಲು ಹೊತ್ತು ಹಿಡಿಯಿತು. 1950ರ ಜನವರಿಯಲ್ಲಿ ಲಂಡನ್ನಿನ ಫುಲ್‌ಹ್ಯಾಮ್ ಮೈದಾನ. ಬಾಂಬಿಗೆ ನುಗ್ಗಾದ ಲಂಡನ್ನು, ಅಲ್ಲಿ ಜರ್ಮನ್ ಗೋಲಿ. ಬೈಗುಳ ಅಂದರೆ ಬೈಗುಳ. ಸಿಟಿ ತಂಡ ಆಗ ಕೆಳಗೆ ಜಾರುತ್ತಿದ್ದ ಬಡ ತಂಡ, ದೊಡ್ಡ ಅಂತರದಲ್ಲಿ ಸೋಲುತ್ತದೆ ಅಂತಲೇ ಎಲ್ಲರ ಲೆಕ್ಕ. ಟ್ರೌಟ್‌ಮನ್ ಒಂದಾದ ಮೇಲೊಂದು ಹೊಡೆತ ತಡೆದ. ಕೊನೆಗೆ ಸೋತದ್ದು ಬರೀ ಒಂದೇ ಗೋಲಿನಿಂದ. ಸೀಟಿ ಊದಿದಾಗ ಅದೇ ಬೈದ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಎರಡೂ ತಂಡದ ಆಟಗಾರರು ಎರಡು ಸಾಲಾಗಿ ನಿಂತು ಅವನಿಗೆ ನಡುವೆ ದಾರಿ ಬಿಟ್ಟರು. ಗಮನಿಸಿ, ಅವತ್ತು ಅವನು ಸೋತಿದ್ದ. ಆ ವರ್ಷ ತಂಡವೂ ಕೆಳಗಿನ ದರ್ಜೆಗೆ ಇಳಿಯಿತು. ಮಾರನೇ ವರ್ಷ ಮೇಲೆ ಬಂತು. ಸೋತ ತಂಡದ ಹೊರಗಿನವನನ್ನು ಜನ ಒಪ್ಪಿಕೊಂಡರು ಅನ್ನುವುದೇ ಈ ಕಥೆಯ ತಿರುಳು. ಗೆದ್ದವನನ್ನು ಯಾರು ಬೇಕಾದರೂ ಒಪ್ಪುತ್ತಾರೆ ಬಿಡಿ.

ಆಟ ಹೇಗಿತ್ತು? ಗೋಲಿ ಅಂದರೆ ಬಂದ ಚೆಂಡನ್ನು ಹಿಡಿದು ಮುಗಿಲಿಗೆ ಒದೆಯುವವನು ಅನ್ನುವುದು ಆಗಿನ ಇಂಗ್ಲೆಂಡಿನ ಪದ್ಧತಿ. ಒದ್ದ ಚೆಂಡು ಯಾರ ಪಾಲಾಗುತ್ತದೋ ದೇವರಿಗೇ ಗೊತ್ತು. ಟ್ರೌಟ್‌ಮನ್ ಒದೆಯುವ ಬದಲು ಎಸೆದ. ಕೈ ಬೀಸಿ ದೂರಕ್ಕೆ, ತನ್ನವನ ಕಾಲಿಗೇ ಸೇರುವಂತೆ. ಹಂಗೇರಿ ದೇಶದ ಗೋಲಿ ಗ್ರೋಸಿಚ್ ಹೀಗೇ ಮಾಡುತ್ತಿದ್ದ. 1953ರಲ್ಲಿ ಆ ಹಂಗೇರಿ ತಂಡ ವೆಂಬ್ಲಿಯಲ್ಲಿ ಇಂಗ್ಲೆಂಡನ್ನು 6-3ರಿಂದ ಹೊಡೆದು ಮಣ್ಣು ಮುಕ್ಕಿಸಿದ ಮೇಲೆ ಎಲ್ಲರ ಕಣ್ಣು ತೆರೆಯಿತು. ಸಿಟಿ ತಂಡ ಅದನ್ನು ನೋಡಿ, ಡಾನ್ ರೇವಿ ಎಂಬ ಮುಂದಾಳು ಆಟಗಾರನನ್ನು ಸ್ವಲ್ಪ ಹಿಂದೆ ನಿಲ್ಲಿಸಿ ಹೊಸ ಆಟ ಕಟ್ಟಿತು. ಆ ಆಟ ಶುರುವಾಗುತ್ತಿದ್ದದ್ದು ಟ್ರೌಟ್‌ಮನ್‌ನ ಕೈಯಿಂದ. ಇವತ್ತು ಟೀವಿಯಲ್ಲಿ ಗೋಲಿಗಳು ಒದೆಯದೆ ಪಕ್ಕದವನಿಗೆ ಚೆಂಡು ಕೊಟ್ಟು ಆಟ ಶುರು ಮಾಡುವುದನ್ನು ನೋಡಿ ‘ಇದೇನೋ ಹೊಸ ಫ್ಯಾಷನ್ನು’ ಅನ್ನುವವರು ಇದನ್ನು ತಿಳಿದಿರಲಿ.

ಇಷ್ಟೆಲ್ಲ ಆಡಿದರೂ ಒಂದು ಬಾಗಿಲು ಮಾತ್ರ ತೆರೆಯಲಿಲ್ಲ. ಪಶ್ಚಿಮ ಜರ್ಮನಿಯ ಕೋಚ್ ಸೆಪ್ ಹೆರ್ಬರ್ಗರ್, ದೇಶದೊಳಗೆ ಆಡುವವರನ್ನು ಬಿಟ್ಟು ಹೊರಗೆ ಆಡುವ ಇವನನ್ನು ಆರಿಸಲಿಲ್ಲ. 1954ರಲ್ಲಿ ಜರ್ಮನಿ ವಿಶ್ವಕಪ್ ಗೆದ್ದಾಗ ಇವನು ಆ ತಂಡದಲ್ಲಿ ಇರಲಿಲ್ಲ. ಇಂಗ್ಲೆಂಡಿಗೆ ಆಡೋಣ ಅಂದರೆ ಜರ್ಮನ್ನು. ಜರ್ಮನಿಗೆ ಆಡೋಣ ಅಂದರೆ ಇಂಗ್ಲೆಂಡಿನಲ್ಲಿರೋನು. ಊರು ಬಿಟ್ಟು ಹೋಗಿ ದುಡಿಯುವವರಿಗೆಲ್ಲ ಈ ಪಾಡು ಗೊತ್ತು. ಅಲ್ಲಿಯೂ ಹೊರಗಿನೋನು, ರಜಕ್ಕೆ ಊರಿಗೆ ಬಂದರೆ ಇಲ್ಲಿಯೂ ‘ಅವನೀಗ ಅಲ್ಲಿಯೋನು ಬಿಡ್ರಿ’.

ಈಗ ಕತ್ತಿನ ಕಥೆ. 1956ರ ಮೇ 5, ವೆಂಬ್ಲಿಯಲ್ಲಿ ಎಫ್.ಎ. ಕಪ್ ಫೈನಲ್. ಎದುರಾಳಿ ಬರ್ಮಿಂಗ್‌ಹ್ಯಾಮ್ ಸಿಟಿ. ಇನ್ನು 17 ನಿಮಿಷ ಉಳಿದಿರುವಾಗ ಪೀಟರ್ ಮರ್ಫಿ ಎಂಬ ಎದುರಾಳಿಯ ಕಾಲಿಗೇ ಟ್ರೌಟ್‌ಮನ್ ಹಾರಿ ಬಿದ್ದ. ಮರ್ಫಿಯ ಮೊಣಕಾಲು ಕತ್ತಿಗೆ ಬಡಿಯಿತು. ಆಗ ಬದಲಿ ಆಟಗಾರರನ್ನು ಇಳಿಸುವ ನಿಯಮವೇ ಇರಲಿಲ್ಲ. ಇವನು ಹೊರಬಂದರೆ ತಂಡ ಹತ್ತೇ ಜನ. ಎದ್ದ, ಓಲಾಡುತ್ತಲೇ ಆಡಿದ, ಇನ್ನೂ ಒಂದೆರಡು ಗೋಲು ತಡೆದ. ಸಿಟಿ 3-1ರಿಂದ ಗೆದ್ದಿತು. ಪದಕ ಕೊಡುವಾಗ ರಾಣಿಯ ಪತಿ ಪ್ರಿನ್ಸ್ ಫಿಲಿಪ್ ಕೂಡ ಇವನ ಕತ್ತು ಸೊಟ್ಟಗಿರುವುದನ್ನು ಗುರುತಿಸಿದರು. ಕೆಲವು ದಿನ ಬಿಟ್ಟು ಎಕ್ಸ್‌ರೇ ತೆಗೆದರೆ ಐದು ಕಶೇರುಕ ಜಾಗ ತಪ್ಪಿವೆ, ಎರಡನೆಯದು ಎರಡು ಹೋಳು. ಮೂರನೆಯದು ಅದಕ್ಕೆ ಒತ್ತಿಕೊಂಡು ನಿಂತಿದ್ದರಿಂದ ಜೀವ ಉಳಿಯಿತು.

ಇದನ್ನು ಗಂಡೆದೆ ಅಂತ ಹೊಗಳುವುದು ರೂಢಿ. ಹೊಗಳಿಕೊಳ್ಳಲಿ. ಆದರೆ ಶಾಲೆ ಮಕ್ಕಳಿಗೆ ಈ ಕಥೆ ಹೇಳುವ ಮೇಷ್ಟ್ರುಗಳು ಜೊತೆಗೆ ಇನ್ನೊಂದು ಮಾತೂ ಸೇರಿಸುವುದು ಒಳ್ಳೆಯದು: ಆಟದಲ್ಲಿ ಕತ್ತಿಗೆ, ತಲೆಗೆ ಪೆಟ್ಟು ಬಿದ್ದ ಹುಡುಗನನ್ನು ಆ ಕ್ಷಣವೇ ಹೊರಗೆ ಕರೆದುಕೊಂಡು ಬರಬೇಕು. ಟ್ರೌಟ್‌ಮನ್ ಬದುಕಿದ್ದು ಅದೃಷ್ಟದಿಂದ. ಮತ್ತೊಬ್ಬನಿಗೆ ಆ ಅದೃಷ್ಟ ಇರುತ್ತದೆ ಅಂತ ಯಾರು ಬರೆದುಕೊಡುತ್ತಾರೆ?

ಅದೇ ವರ್ಷ ಇಂಗ್ಲೆಂಡಿನ ಫುಟ್‌ಬಾಲ್ ಬರಹಗಾರರು ವರ್ಷದ ಆಟಗಾರ ಅಂತ ಇವನನ್ನು ಆರಿಸಿದರು. ಆ ಗೌರವ ಪಡೆದ ಮೊದಲ ಗೋಲಿ ಇವನೇ. ಫೈನಲ್ ಮುಗಿದು ಕೆಲವೇ ವಾರಕ್ಕೆ ಐದು ವರ್ಷದ ಮಗ ಜಾನ್ ರಸ್ತೆಯಲ್ಲಿ ಕಾರಿಗೆ ಸಿಕ್ಕಿ ತೀರಿಕೊಂಡ. ಕತ್ತಿಗೆ ಪ್ಲಾಸ್ಟರ್ ಇದ್ದ ತಂದೆಗೆ ಬಂದ ಗತಿ ಅದು. ಕತ್ತಿನ ಬಗ್ಗೆ ಹೇಳುವವರು ಇದನ್ನು ಹೇಳುವುದು ಕಡಿಮೆ.

ಡಿಸೆಂಬರಿಗೆ ಮತ್ತೆ ಮೈದಾನಕ್ಕಿಳಿದ. 1964ರವರೆಗೆ ಆಡಿದ. ಸಿಟಿಗೆ ಒಟ್ಟು 545 ಪಂದ್ಯ. ಬೀಳ್ಕೊಡುಗೆಯ ಪಂದ್ಯಕ್ಕೆ ಲೆಕ್ಕಕ್ಕೆ ಸಿಕ್ಕವರೇ 47,000 ಜನ, ಒಳನುಗ್ಗಿದವರು ಬೇರೆ. ಪಂದ್ಯ ಮುಗಿದ ಮೇಲೆ ಜನ ಒಳಗೆ ಓಡಿಬಂದು ಇವನು ನಿಂತಿದ್ದ ಗೋಲಿನ ಕಂಬಗಳನ್ನೇ ಕಿತ್ತುಹಾಕಿದರು. ಇನ್ಯಾರೂ ಇಲ್ಲಿ ನಿಲ್ಲೋದು ಬೇಡ ಅಂತ. ಹದಿನೈದು ವರ್ಷದ ಹಿಂದೆ ಇದೇ ಊರಿನ ಬೀದಿಗಳಲ್ಲಿ ಇವನು ಬೇಡ ಅಂತ ಮೆರವಣಿಗೆ ಹೋಗಿತ್ತು.

ಆಟ ಮುಗಿಯಿತು, ಹೊಟ್ಟೆ ಮುಗಿಯುತ್ತದೆಯೇ? ಆ ಕಾಲದ ಇಂಗ್ಲೆಂಡಿನಲ್ಲಿ ಆಟಗಾರರ ಸಂಬಳಕ್ಕೆ 1961ರವರೆಗೂ ಮೇಲಿನ ಮಿತಿ ಇತ್ತು. ಈಗಿನ ಹಾಗೆ ಕೋಟಿಗಳಲ್ಲಿ ದುಡಿದವನಲ್ಲ. ಮ್ಯಾಂಚೆಸ್ಟರಿಗೆ ಅಂಟಿಕೊಂಡಂತಿರುವ ಸ್ಟಾಕ್‌ಪೋರ್ಟ್ ಊರಿನ ಬಡ ಕ್ಲಬ್ಬಿಗೆ 1965ರಲ್ಲಿ ಜನರಲ್ ಮ್ಯಾನೇಜರ್ ಆದ. ಶನಿವಾರ ಮಧ್ಯಾಹ್ನ ಪಂದ್ಯವಿಟ್ಟರೆ ಜನವೆಲ್ಲ ಮ್ಯಾಂಚೆಸ್ಟರಿನ ದೊಡ್ಡ ಕ್ಲಬ್ಬುಗಳ ಕಡೆ ಹೋಗುತ್ತಾರೆ. ಇವನೂ ಕ್ಲಬ್ಬಿನ ಅಧ್ಯಕ್ಷರೂ ಕೂಡಿ ಪಂದ್ಯಗಳನ್ನು ಶುಕ್ರವಾರ ಸಂಜೆಗೆ ತಂದರು. ಗಲ್ಲಾ ಪೆಟ್ಟಿಗೆ ಚೇತರಿಸಿಕೊಂಡಿತು. ದೊಡ್ಡ ಸಂತೆಯ ದಿನ ಬಿಟ್ಟು ಬೇರೆ ದಿನ ಸಂತೆ ಕಟ್ಟುವ ಸಣ್ಣ ಊರಿನ ಜಾಣತನ ಇದು, ನಮ್ಮ ವ್ಯಾಪಾರಿಗಳು ತಲೆದೂಗುವಂಥದ್ದು. ಆದರೆ ಅಧ್ಯಕ್ಷರ ಜೊತೆ ಮನಸ್ತಾಪ ಬಂದು ಒಂದೇ ವರ್ಷಕ್ಕೆ ಬಿಟ್ಟ. ಆಮೇಲೆ ಜರ್ಮನಿಗೆ ಹೋಗಿ ಮ್ಯೂನ್‌ಸ್ಟರ್, ರುಸೆಲ್ಸ್‌ಹೈಮ್ ಊರುಗಳ ಸಣ್ಣ ತಂಡಗಳಿಗೆ ಕೋಚ್ ಆದ. ದೊಡ್ಡದೇನೂ ಆಗಲಿಲ್ಲ.

ಆಗ ಜರ್ಮನ್ ಫುಟ್‌ಬಾಲ್ ಸಂಸ್ಥೆ ಇವನನ್ನು, ಕಲಿಸುವವರ ಕೊರತೆ ಇದ್ದ ದೇಶಗಳಿಗೆ ಕೋಚ್ ಆಗಿ ಕಳಿಸಿತು. ಮೊದಲು ಬರ್ಮಾ. ಅಲ್ಲಿಂದ ಮುಂದೆ ಟಾಂಜಾನಿಯಾ, ಲೈಬೀರಿಯಾ, ಪಾಕಿಸ್ತಾನ, ಉತ್ತರ ಯೆಮೆನ್. ಆಟಗಾರನಾಗಿ ಒಂದು ದೇಶದಲ್ಲಿ ಹೊರಗಿನವನಾಗಿದ್ದವನು ಕೋಚ್ ಆಗಿ ಐದು ದೇಶಗಳಲ್ಲಿ ಹೊರಗಿನವನಾದ. ಈ ಸಲ ಮೆರವಣಿಗೆ ಇಲ್ಲ, ಬೈಗುಳ ಇಲ್ಲ. ಹಾಗೇ 47,000 ಜನರ ಚಪ್ಪಾಳೆಯೂ ಇಲ್ಲ. ಭಾಷೆ ಬಾರದ ಹುಡುಗರು, ಮಳೆಗೆ ಕೆಸರಾಗುವ ಮೈದಾನ.

ಬರ್ಮಾದಲ್ಲಿ ಇವನು ಮಣ್ಣಿನಿಂದ ಚಿನ್ನ ತೆಗೆದ ಅಂತ ಬರೆದರೆ ಸುಳ್ಳಾಗುತ್ತದೆ. ಆಗ ಬರ್ಮಾ ಏಷ್ಯಾದಲ್ಲೇ ಎಣಿಕೆಯ ತಂಡ. 1966ರ ಏಷ್ಯನ್ ಗೇಮ್ಸ್ ಚಿನ್ನ ಅವರದ್ದು. 1970ರಲ್ಲೂ ದಕ್ಷಿಣ ಕೊರಿಯಾ ಜೊತೆ ಚಿನ್ನ ಹಂಚಿಕೊಂಡರು, ನಮ್ಮ ಭಾರತ ಅವತ್ತು ಕಂಚಿಗೆ ನಿಂತಿತು. ಅಂಥ ತಂಡ 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಆಡಿ ಸೋವಿಯತ್ ಒಕ್ಕೂಟಕ್ಕೂ ಮೆಕ್ಸಿಕೋಗೂ ಒಂದೊಂದೇ ಗೋಲಿನಿಂದ ಸೋತಿತು, ಸೂಡಾನನ್ನು 2-0ಯಿಂದ ಸೋಲಿಸಿತು. ಆ ವರ್ಷವೇ ಪ್ರೆಸಿಡೆಂಟ್ಸ್ ಕಪ್ ಗೆದ್ದಿತು. ಟ್ರೌಟ್‌ಮನ್‌ನ ಪಾಲು ಅದರಲ್ಲಿ ಎಷ್ಟು, ಮೊದಲೇ ಇದ್ದ ಗಟ್ಟಿತನ ಎಷ್ಟು ಅಂತ ತಕ್ಕಡಿಯಲ್ಲಿ ತೂಗಲು ಆಗದು. ಕೋಚ್‌ಗಳ ಹಣೆಬರಹವೇ ಇಷ್ಟು. ಗೋಲು ಹೊಡೆದವನ ಹೆಸರು ಹಲಗೆಯ ಮೇಲೆ ಬರುತ್ತದೆ, ಹೊಡೆಯಲು ಕಲಿಸಿದವನದ್ದು ಬರುವುದಿಲ್ಲ.

ನಮ್ಮ ಪುರಸಭೆ ಮೈದಾನಗಳಲ್ಲೂ ಬೆಳಿಗ್ಗೆ ಆರಕ್ಕೆ ಕೊರಳಿಗೊಂದು ಸೀಟಿ ಹಾಕಿಕೊಂಡು ನಿಂತಿರುವ ಹಳೇ ಆಟಗಾರರನ್ನು ಮೊದಲ ಬಸ್ಸಿಗೆ ಹೋಗುವವರು ನೋಡಿಯೇ ಇರುತ್ತಾರೆ. ಒಂದು ಕಾಲಕ್ಕೆ ಲಾರಿಯ ಮೇಲೆ ಹೂವಿನ ಹಾರ ಹಾಕಿಸಿಕೊಂಡವರು. ಈಗ ಚೆಂಡಿಗೆ ಗಾಳಿ ತುಂಬಿಸುವ ದುಡ್ಡೂ ಎಷ್ಟೋ ಸಲ ಅವರ ಜೇಬಿನದ್ದೇ. ಅವರಲ್ಲಿ ಬೇರೆ ಊರಿನಿಂದ ಆಡಲು ಬಂದು ಇಲ್ಲೇ ನಿಂತವರೂ ಇರುತ್ತಾರೆ. ಟೂರ್ನಮೆಂಟಿಗೆ ಲಕ್ಷಗಟ್ಟಲೆ ವಂತಿಗೆ ಎತ್ತುವ ಸಮಿತಿಗಳು ಫ್ಲೆಕ್ಸಿಗೆ, ಪಟಾಕಿಗೆ ಸುರಿಯುವುದರಲ್ಲಿ ಕಾಲು ಭಾಗ ತೆಗೆದು ಈ ಸೀಟಿಯವರಿಗೆ ತಿಂಗಳ ಸಂಬಳ ಅಂತ ಗೊತ್ತು ಮಾಡಿದರೆ ಏನು ಗಂಟು ಹೋಗುತ್ತದೆ? ವಂತಿಗೆ ಕೊಡುವ ಅಂಗಡಿಯವರೇ ರಸೀದಿ ಹರಿಸಿಕೊಳ್ಳುವಾಗ ಈ ಪ್ರಶ್ನೆ ಕೇಳಲಿ. ದುಡ್ಡು ಅವರದ್ದು, ಕೇಳುವ ಹಕ್ಕೂ ಅವರದ್ದೇ.

ಟ್ರೌಟ್‌ಮನ್‌ಗೆ ಗೌರವಗಳು ತಡವಾಗಿ ಬಂದವು. ಜರ್ಮನಿಯ ಸರ್ಕಾರ 1997ರಲ್ಲಿ ಪದಕ ಕೊಟ್ಟಿತು. ಎರಡು ದೇಶಗಳನ್ನು ಹತ್ತಿರ ತಂದದ್ದಕ್ಕೆ ಬ್ರಿಟನ್ 2004ರಲ್ಲಿ ಓ.ಬಿ.ಇ. ಬಿರುದು ಕೊಟ್ಟಿತು. ಮುಪ್ಪಿನಲ್ಲಿ ಅವನು ಹೇಳುತ್ತಿದ್ದದ್ದು, ತನ್ನ ವಿದ್ಯಾಭ್ಯಾಸ ಶುರುವಾದದ್ದೇ ಇಂಗ್ಲೆಂಡಿಗೆ ಬಂದ ಮೇಲೆ ಎಂದು. ಕಲಿಸಿದ್ದು ಯಾವ ಶಾಲೆ? ಕಾಗದ ಬರೆದ ಒಬ್ಬ ಯೆಹೂದಿ ಗುರು, ಬಟ್ಟೆ ಕೋಣೆಯ ಒಬ್ಬ ನಾಯಕ, ಬೈದು ಆಮೇಲೆ ಚಪ್ಪಾಳೆ ಹೊಡೆದ ಟಿಕೆಟ್ಟಿನ ಜನ.

ಕೋಚ್ ಕೆಲಸ ಮುಗಿಸಿದ ಮೇಲೆ ಅವನು ಜರ್ಮನಿಯಲ್ಲೂ ಉಳಿಯಲಿಲ್ಲ, ಇಂಗ್ಲೆಂಡಿನಲ್ಲೂ ಉಳಿಯಲಿಲ್ಲ. ಸ್ಪೇನಿನ ವೆಲೆನ್ಸಿಯಾ ಹತ್ತಿರ ಸಮುದ್ರದ ಕಡೆ ಮನೆ ಮಾಡಿದ. ಅಲ್ಲೇ 2013ರ ಜುಲೈ 19ರಂದು, 89ನೇ ವಯಸ್ಸಿನಲ್ಲಿ ತೀರಿಕೊಂಡ. ಯಾವ ದೇಶದ ತಂಡಕ್ಕೂ ಒಂದೇ ಒಂದು ಪಂದ್ಯ ಆಡಿರಲಿಲ್ಲ.